ಹೆಸರು ಹೇಳದೆ ಕೊಟ್ಟ ಕಾಣಿಕೆ

ಒಂದು ಪೇಟೆಯಲ್ಲಿ ಒಬ್ಬ ಶ್ರೀಮಂತನಿದ್ದ, ಮೆಣಸಿನಕಾಯಿ ವ್ಯಾಪಾರಿ. ಕೊಡುವ ಕೈ. ಮಠಕ್ಕೆ ಫ್ಯಾನು ಕೊಟ್ಟ, ಹೆಸರು ಬರೆಸಿದ. ಟ್ಯೂಬ್‌ಲೈಟು ಕೊಟ್ಟ, ಹೆಸರು ಬರೆಸಿದ. ಬೆಳಕು ಬರಲು ಜಾಗವೇ ಉಳಿಯಲಿಲ್ಲ. ನಗುತ್ತೀರಿ. ಈ ಮಠದಲ್ಲೇ ತಲೆ ಎತ್ತಿ ನೋಡಿ, ನಿಮಗೆ ಗಾಳಿ ಬೀಸುತ್ತಿರುವ ಫ್ಯಾನಿನ ಮೇಲೂ ಯಾರದೋ ಹೆಸರಿದೆ.

ಅವನಿಗೆ ಒಬ್ಬಳು ತಂಗಿ. ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಒಂದು ವರ್ಷ ಅವಳಿಗೆ ಯಾರೂ ಇಲ್ಲದ ಕಡೆಯಿಂದ ಮಾತು ಕೇಳತೊಡಗಿತು. ಬೈಯುವ ಮಾತು. ಅಣ್ಣ ಅವಳನ್ನು ಒಳಕೋಣೆಯಲ್ಲಿಟ್ಟು, ಬಂದವರಿಗೆಲ್ಲ ಸೋದರಮಾವನ ಊರಿಗೆ ಹೋಗಿದ್ದಾಳೆ ಎನ್ನುತ್ತಿದ್ದ. ಆದರೆ ಕೆಟ್ಟವನಲ್ಲ ನೋಡಿ, ಮನಸ್ಸಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಗುಳಿಗೆಯಿಂದ ಬೈಗುಳ ನಿಂತಿತು. ಕೈ ಮಾತ್ರ ನಡುಗತೊಡಗಿತು. ಸೂಜಿಗೆ ದಾರ ಪೋಣಿಸಲು ಆಗಲೊಲ್ಲದು.

ಅಲ್ಲಿಯ ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. ಒಬ್ಬರಿಗೆ ಒಗ್ಗಿದ ಗುಳಿಗೆ ಇನ್ನೊಬ್ಬರ ಕೈ ಯಾಕೆ ನಡುಗಿಸುತ್ತದೆ ಎಂಬುದು ನಮಗೂ ಪೂರ್ತಿ ಗೊತ್ತಿಲ್ಲ, ಹುಡುಕುತ್ತಿದ್ದೇವೆ, ಹುಡುಕುವ ಕೆಲಸಕ್ಕೆ ಕೊಡುವವರು ಕಡಿಮೆ ಎಂದರು. ಅವನು ಅಲ್ಲೇ ಧಾರಾಳವಾಗಿ ಕೊಟ್ಟ. ಯಾರ ಹೆಸರಿನಲ್ಲಿ ಎಂದು ಕೇಳಿದರೆ, ಹೆಸರು ಬೇಡ, ಇದು ಗುಪ್ತದಾನ ಎಂದ.

ತಂಗಿ ಪಕ್ಕದಲ್ಲೇ ಕೂತಿದ್ದಳು. ಹೊರಗೆ ಬಂದ ಮೇಲೆ ಮೆಲ್ಲಗೆ ಕೇಳಿದಳು:

"ಅಣ್ಣಾ, ಫ್ಯಾನಿಗೆ ನಿನ್ನ ಹೆಸರೈತಿ. ಅವ್ವನ ಹೆಸರಿಲೆ ಕಲ್ಲು ಕೆತ್ಸೀದಿ. ನನ್ನ ಹೆಸರು ಹೇಳಾಕ ನಾಲಿಗಿ ಯಾಕ ಹೊಳ್ಳಲಿಲ್ಲ?"

"ಮಂದಿ ಏನಂದಾರವ್ವ."

"ಇಷ್ಟು ದಿನ ಆ ಬೈಗುಳ ಕೇಳ್ಕೋಂತ ಬದುಕೇನಿ. ಮಂದೀದೂ ಕೇಳ್ತೀನಿ ತಗೋ."

ಅವನು ತಿರುಗಿ ಒಳಗೆ ಹೋದ. "ಬರ್ಕೋರಿ. ಶಿವಗಂಗವ್ವ. ನನ್ನ ತಂಗಿ."

ಕೈನಡುಕ ನಿಂತಿತೇ? ಇಲ್ಲ. ಹುಡುಕುವುದಿನ್ನೂ ಮುಗಿದಿಲ್ಲ. ಈಗ ಅಂಗಡಿ ತೆರೆಯುವ ಮುಂಚೆ ಅಣ್ಣನೇ ಸೂಜಿಗಳಿಗೆ ದಾರ ಪೋಣಿಸಿಟ್ಟು ಹೋಗುತ್ತಾನೆ. ಅವಳು ಎಲ್ಲರಿಗೂ ಕಾಣುವ ಹಾಗೆ ಪಡಸಾಲೆಯಲ್ಲಿ ಕೂತು ದೊಡ್ಡ ದೊಡ್ಡ ಹೊಲಿಗೆ ಹಾಕುತ್ತಾಳೆ. ಯಾರಾದರೂ ಕೇಳಿದರೆ ಅಣ್ಣ ಇದ್ದದ್ದನ್ನೇ ಹೇಳುತ್ತಾನೆ. ಒಂದು ದಿನ ಒಬ್ಬ ಹೆಂಗಸು ಮೆಣಸಿನಕಾಯಿ ಕಟ್ಟಿಸಿಕೊಂಡ ಮೇಲೂ ಹೋಗದೆ ನಿಂತು ದನಿ ತಗ್ಗಿಸಿದಳು: "ಅಣ್ಣಾರ, ನನ್ನ ಮಗಗೂ ಹಂಗ ಮಾತು ಕೇಳ್ತಾವ. ಆ ದವಾಖಾನಿ ಎಲ್ಲೈತ್ರಿ?"

ತಾಯಂದಿರೇ, ಅಪ್ಪಂದಿರೇ, ಗುಪ್ತದಾನ ದೊಡ್ಡದು. ಆದರೆ ನಾಚಿಕೆಯಿಂದ ಬಚ್ಚಿಟ್ಟದ್ದಕ್ಕೆ ಆ ಹೆಸರು ಕೊಡಬೇಡಿ. ಬೇಸಿಗೆಯಲ್ಲಿ ಅರವಟ್ಟಿಗೆ ಇಟ್ಟು ನೀರು ಕೊಡುವವನಿಗೆ ಎಲ್ಲರೂ ಕೈಮುಗಿಯುತ್ತೇವೆ. ನೆಲದೊಳಗಿನ ಸೆಲೆ ಹುಡುಕುತ್ತ ಬಿಸಿಲಲ್ಲಿ ಅಲೆಯುವವನಿಗೆ ಯಾರು ಏನು ಕೊಟ್ಟಿದ್ದೇವೆ? ಸೆಲೆ ಸಿಗದಿದ್ದರೆ ಅರವಟ್ಟಿಗೆಗೆ ನೀರೆಲ್ಲಿಯದು?

ಇನ್ನು ಮೇಲೆ ಮಠಕ್ಕೆ ಫ್ಯಾನು ತರಬೇಡಿ, ನಮಗೆ ಗಾಳಿ ಸಾಕಷ್ಟಿದೆ. ಆ ದುಡ್ಡನ್ನು ಮನಸ್ಸಿನ ಬೇನೆಗೆ ಮದ್ದು ಹುಡುಕುವವರಿಗೆ ಕೊಡಿ. ನಿಮ್ಮ ಒಳಕೋಣೆಯಲ್ಲೂ ಹೀಗೆ ಬಚ್ಚಿಟ್ಟ ಒಂದು ಜೀವವಿದ್ದರೆ, ಅವರನ್ನು ಕೇಳಿ; ಒಪ್ಪಿದರೆ ಅವರ ಹೆಸರು ಹೇಳಿ ಕೊಡಿ.

ಈಗ ಪ್ರಸಾದಕ್ಕೆ ಏಳೋಣ. ಪಂಕ್ತಿಯಲ್ಲಿ ಕೆಲವು ಎಲೆ ಹೆಚ್ಚಿಗೆ ಹಾಕಲು ಹೇಳಿದ್ದೇನೆ. ನಿಮ್ಮ ಮನೆಗಳೇನೂ ದೂರವಿಲ್ಲ. ಹೋಗಿ ಒಳಕೋಣೆಯವರನ್ನೂ ಕರೆದುಕೊಂಡು ಬನ್ನಿ, ನಾವು ಕಾಯುತ್ತೇವೆ.