ಗ್ಲಾಸ್ ಏರಸೋ ಗುರುಸಿದ್ದಾ

ದೀಪಾ ಸಣ್ಣದ ಮಾಡ್ರಿ... ಹಾಂ, ಸಾಕು. ಹುಡುಗೂರು ಮಲಕೊಂಡಾವಿಲ್ಲೋ? ಹಂಗಾರ ಹೇಳತೀನಿ. ಯಾರೋ ಹೇಳಿದ್ದು, ಎಲ್ಲೋ ಕೇಳಿದ್ದು ಅಲ್ಲ ಇದು. ನಮ್ಮ ಕಾಕಾನ ಮಗ ಗುರುಸಿದ್ದಗ ಆದದ್ದು.

ಎಂಬತ್ತಾರನೇ ಇಸವಿ, ಡಿಸೆಂಬರ. ಥಂಡಿ ಅಂದ್ರ ಥಂಡಿ. ಆಗ ನಾವು ಬೆಳಗಾವಿ ಬಾಜೂಕ, ಖಾನಾಪುರ ಹಾದಿ ಮ್ಯಾಲಿನ ಪೀರನವಾಡ್ಯಾಗ ಇದ್ವಿ. ನಮ್ಮ ಮನಿಗೆ ಬರೂ ಹಾದ್ಯಾಗ ಒಂದು ಹಾಳು ಭಾವಿ, ಅದರ ಬಾಜೂಕ ಆಲದ ಗಿಡಾ. ಕತ್ತಲಾದ ಮ್ಯಾಲ ಆ ಕಡಿಂದ ಯಾರೂ ಬರತಿದ್ದಿಲ್ಲ. ಆವತ್ತ ರಾತ್ರಿ ಒಂಬತ್ತಾಗಿತ್ತು. ಗಿಡದ ಕೆಳಗ ಒಣಗಿದ ಎಲಿ ತುಳಿಯೂ ಸಪ್ಪಳ... ಚರ್... ಚರ್... ಚರ್.

ಕಂದೀಲ ಎತ್ತಿ ನೋಡಿದ್ನಿ. ಗುರುಸಿದ್ದ! ಬರಿಗಾಲಲೆ ಬರಾಕತ್ತಿದ್ದಾ.

ಅಂವಾ ಡ್ರೈವರ್ ರೀ. ಮೂರ ವರ್ಷದಿಂದ ಬಾಳಾಸಾಹೇಬ ಸಾವಕಾರ್ರ ಕಡೆ ಇದ್ದಾ. ಅಂವಾ ನಡಕೊಂಡು ಬಂದದ್ದು ನಾ ನೋಡಿದ್ದೇ ಇಲ್ಲ.

"ಗಾಡಿ ಎಲ್ಲೋ?" ಅಂದ್ನಿ.

ಸೀದಾ ಒಳಗ ಬಂದಾ. ನಮ್ಮವ್ವ ಭೀಮಕ್ಕ ಕದಾ ಮುಚ್ಚಾಕ ಹೋದ್ಲು.

"ದೊಡ್ಡವ್ವಾ... ಕದಾ ಹಾಕಬ್ಯಾಡ."

"ಥಂಡಿ ಐತೋ ಯಪ್ಪಾ."

"ಇರಲಿ. ಹಾಕಬ್ಯಾಡ."

ಹೊಸ್ತಲದ ಮ್ಯಾಲೇ ಕುಂತಬಿಟ್ಟಾ. ಒಂದ ಕಾಲ ಒಳಗ, ಒಂದ ಕಾಲ ಹೊರಗ. ಅಲ್ಲೇ ಕುಂತು ಹೇಳಿದಾ. ಪಿಸು ಪಿಸು ಅಂತ...

ಬಾಳಾಸಾಹೇಬರದು ಖಾನಾಪುರದಾಗ ಹೆಂಚಿನ ಕಾರ್ಖಾನಿ. ಮನಿ ಇದ್ದದ್ದು ಬೆಳಗಾವಿ ಟಿಳಕವಾಡ್ಯಾಗ. ದಿನಾ ಹೋಗಿ ಬರೂದು, ದಿನಾ ದೇಸೂರ ರೇಲ್ವೆ ಗೇಟು ದಾಟೂದು. ಅವರ ಕಡೆ ಒಂದು ಹಳೇ ಅಂಬಾಸಿಡರ್ ಇತ್ತು. ಅವರು ಡ್ರೈವರ್ ಬಾಜೂಕ ಮುಂದ ಕುಂದರತಿದ್ರು, ಹಿಂದ ಒಂದ ದಿನಾನೂ ಇಲ್ಲ. ಜಡಿ ಮಳ್ಯಾಗೂ ಗ್ಲಾಸು ಇಳಿಸೇ ಇರಬೇಕು. ತೋಳು ತೋಯ್ದು ತೊಪ್ಪಡಿ ಆದ್ರೂ ಏರಸಾಕ ಬಿಡತಿರಲಿಲ್ಲ. ದೊಡ್ಡವರಿಗೆ ಗಾಳಿ ಬೇಕಾಗತೈತೇನೋ ಅಂತ ಗುರುಸಿದ್ದ ತಿಳಕೊಂಡಿದ್ದಾ.

ಆ ವರ್ಷ ದೀಪಾವಳಿ ಆದ ಮ್ಯಾಲ ಒಮ್ಮೆಲೇ ಅಂದ್ರಂತ: "ಈ ಗಾಡಿ ತಗದ ಬಿಡೂಣು. ಹೊಸಾದು ನೋಡು."

ಗುರುಸಿದ್ದಗ ಖುಷಿ. ಗಾಡಿ ಅಂದ್ರ ಜೀವಾ ಅಂವಗ. ಮೊದಲ ಒಂದು ಹೊಸಾ ಅಂಬಾಸಿಡರ್ ಟ್ರಾಯಲ್ ನೋಡಾಕ ತಂದಾ. ಸ್ಟೇರಿಂಗ್ ತಿರುವಾಕ ರಟ್ಟಿ ಬೇಕು, ಆದ್ರ ಖಾನಾಪುರ ಹಾದಿ ತಗ್ಗು ಅದರ ಮುಂದ ಲೆಕ್ಕಕ್ಕಿಲ್ಲ ಅಂತ ಸಾವಕಾರ್ರಿಗೆ ಹೇಳಾಕ ಬಾಯಿ ತಗದಾ. ಅವರು ಕೇಳಲೇ ಇಲ್ಲ. ಇಂಜಿನ್ ಎಷ್ಟರದು, ಎಣ್ಣಿ ಎಷ್ಟು ತಿಂತೈತಿ... ಒಂದೂ ಕೇಳಲಿಲ್ಲ. ಹಿಂದಿನ ಸೀಟಿನ್ಯಾಗ ಬಲಗಡೆ ಹೋಗಿ ಕುಂತ್ರು.

"ಗ್ಲಾಸ್ ಏರಸೋ ಗುರುಸಿದ್ದಾ. ಎಲ್ಲಾ. ದೇಸೂರ ಗೇಟಿನ ತನಕಾ ಹೊಡಿ. ಮಾತಾಡಬ್ಯಾಡ."

ಗೇಟು ಇನ್ನೂ ಫರ್ಲಾಂಗ್ ದೂರ ಇತ್ತು. ಹಿಂದಿಂದ "ತಿರುಗಸು... ತಿರುಗಸು" ಅಂದ್ರು. ಕನ್ನಡಿಯಾಗ ನೋಡಿದ್ರ ಮುಖಾ ಬೆವತಿತ್ತು.

ಎಂಟ ದಿನಾ ಬಿಟ್ಟು ಫಿಯಾಟ್. ಹಗರ ಗಾಡಿ, ಗೇರ್ ಬೆಣ್ಣಿ ಆದಂಗ ಬೀಳತಿತ್ತು. ಹಿಂದ ಉದ್ದ ಮನಿಷ್ಯಾ ಕುಂತ್ರ ಮೊಣಕಾಲು ಮುಂದಿನ ಸೀಟಿಗೆ ತಾಗೂದು, ಅಷ್ಟ. ಮತ್ತ ಅದ ಮಾತು... ಗ್ಲಾಸ್ ಏರಸು, ಗೇಟಿನ ತನಕಾ ಹೊಡಿ, ಸುಮ್ಮನಿರು. ಈ ಸಲ ಗೇಟು ದಾಟಿದ್ರು. ದಾಟಿ ಅರ್ಧಾ ಮೈಲಿಗೆ, "ಇದರಾಗೂ ಬರತೈತಿ. ಬ್ಯಾಡ."

"ಏನ್ ಬರತೈತ್ರೀ ಸಾವಕಾರ?"

"ಸಪ್ಪಳ."

"ಹೊಸಾ ಗಾಡಿ ರೀ. ಎಲ್ಲೀ ಸಪ್ಪಳ?"

ಅವರು ಎಡಗಡೆ ಗ್ಲಾಸಿಗೆ ಕಿವಿ ಕೊಟ್ಟು, "ತಿರುಗಸು" ಅಂದ್ರು.

ಮೂರನೇದು ಹುಬ್ಬಳ್ಳಿಂದ ಬಂದಿತ್ತು. ಕಂಪನಿ ಹೆಸರು ಕೇಳಬ್ಯಾಡ್ರಿ, ಪಾಪ, ಗಾಡಿದೇನೂ ತಪ್ಪಿರಲಿಲ್ಲ. ಆಗಿನ ಕಾಲಕ್ಕ ಅಂಥಾದ್ದನ್ನ ಬೆಳಗಾವ್ಯಾಗ ನೋಡಿದವರೇ ಕಡಿಮಿ. ಬೂದಿ ಬಣ್ಣ, ಉದ್ದಂದ್ರ ಉದ್ದ, ಮಕಮಲ್ ಸೀಟು, ಒಳಗ ತಣ್ಣನ ಗಾಳಿ. ಗುಂಡಿ ಒತ್ತಿದ್ರ ಗ್ಲಾಸು ತಾನ ಏರತಿತ್ತು... ಸ್ಸ್ಸ್... ಅಂತ. ಕದಾ ಹಾಕಿದ್ರ 'ಧಬ್' ಅನ್ನೂ ಒಂದ ಸಪ್ಪಳ, ಆಮ್ಯಾಲ ಹೊರಗಿನ ಜಗತ್ತೇ ಇಲ್ಲ. ಶೋರೂಮಿನ ದುಂಡಪ್ಪ ಜೋಡಿ ಬರತೀನಿ ಅಂದ್ರೂ ಸಾವಕಾರ್ರು ಬ್ಯಾಡ ಅಂದ್ರು. ಇಬ್ಬರ ಹೊಂಟ್ರು. ನಾಕ ಗಂಟೆ ಇರಬೇಕು.

ಗುರುಸಿದ್ದ ಅಂದಾ, "ನೀರ ಮ್ಯಾಲ ಹೊಂಟಂಗ ಇತ್ತೋ. ನಾಕನೇ ಗೇರ್ ಹಾಕಿದ್ದೂ ಗೊತ್ತಾಗಲಿಲ್ಲ. ಅಂಬಾಸಿಡರ್ ಆಗಿದ್ರ ಮಚ್ಛೆ ಊರ ದಾಟೂದ್ರಾಗ ನಡಾ ನೋಯತಿತ್ತು."

ಗೇಟು ಬಂತು. ದಾಟಿತು. ಸಾವಕಾರ್ರು ಉಸರು ಹಿಡದು ಕುಂತಿದ್ರು. ಒಂದು ಮೈಲಿ... ಎರಡು ಮೈಲಿ... ಆಮ್ಯಾಲ ನಕ್ಕರಂತ. ಮೂರ ವರ್ಷದಾಗ ಅವರು ನಕ್ಕಿದ್ದು ಗುರುಸಿದ್ದ ಅದ ಮೊದಲ ಸಲ ಕೇಳಿದ್ದು.

"ಇದನ್ನ ತಗೋಳೂಣು ಗುರುಸಿದ್ದಾ. ಹೊರಗಿಂದು ಒಳಗ ಬರೂದಿಲ್ಲ ಇದರಾಗ. ನಡಿ, ಖಾನಾಪುರಕ್ಕ ಹೋಗಿ ಬರೂಣು."

ಹೋದ್ರು. ಕಾರ್ಖಾನಿ ಮಂದಿಗೆ ಗಾಡಿ ತೋರಿಸಿ ಪೇಡೆ ಹಂಚಿದ್ರು. ತಿರುಗಿ ಬರೂದ್ರಾಗ ಹೊತ್ತು ಮುಣಗಿತ್ತು. ಗೇಟು ಹಾಕಿತ್ತು.

ಗುರುಸಿದ್ದ ಗಾಡಿ ಎಡಕ್ಕ ತಗೊಂಡು ಇಂಜಿನ್ ಬಂದ್ ಮಾಡಿದಾ. ಎದುರಿಗೆ ಗೂಡ್ಸ್ ಗಾಡಿ ಹೊಂಟಿತ್ತು. ಡಬ್ಬಿ ಮ್ಯಾಲ ಡಬ್ಬಿ ಹೊಂಟಾವು, ಒಳಗ ಮಾತ್ರ ಏನೂ ಕೇಳವಲ್ಲದು. ಕಡೀ ಡಬ್ಬಿ ಹೋತು. ಕೆಂಪ ದೀಪಾ ಸಣ್ಣದಾತು...

ಕಿಣ್.

ಬಳಿ ಗ್ಲಾಸಿಗೆ ತಾಗಿದಂಗ. ಗಾಜಿನ ಬಳಿ ರೀ, ಹೆಣ್ಣಮಕ್ಕಳು ಹಾಕೋತಾರಲ್ಲ.

ಕಿಣ್... ಕಿಣ್... ಕಿಣ್.

ಗುರುಸಿದ್ದ ಬಲಕ್ಕ ನೋಡಿದಾ, ಎಡಕ್ಕ ನೋಡಿದಾ. ಹೊರಗ ಯಾರೂ ಇಲ್ಲ. ಕನ್ನಡಿಯಾಗ ನೋಡಿದ್ರ ಸಾವಕಾರ್ರು ಬಲಗಡೆ ಕದಕ್ಕ ಅಂಟಿಕೊಂಡು ಮುದ್ದಿ ಆಗಿ ಕುಂತಿದ್ರು. ಎಡಗಡೆ ಸೀಟು ಖಾಲಿ.

"ಕೇಳತೈತೇನೋ... ನಿನಗೂ?"

"ಹೂಂ ರೀ."

"ಹೊರಗಿಂದ ಬರತೈತಿ ಅಂತ ತಿಳದಿದ್ನೋ ಇಷ್ಟ ದಿನಾ..." ಎಡಗಡೆ ಸೀಟಿನ ಕಡೆ ಬೆರಳು ಮಾಡಿದ್ರು. "ಇದು ಒಳಗ ಐತಿ."

ಬ್ಯಾರೆ ಗಾಡಿಗಳ ಖಡಖಡದಾಗ ಗುರುಸಿದ್ದಗ ಅದು ಕೇಳಿರಲಿಲ್ಲ. ಇಲ್ಲಿ ಅದನ್ನ ಮುಚ್ಚಾಕ ಬ್ಯಾರೆ ಸಪ್ಪಳಾನೇ ಇರಲಿಲ್ಲ.

ಗೇಟು ಎತ್ತಿದ್ರು. ಗುರುಸಿದ್ದ ಚಾವಿ ತಿರುವಿದಾ. ಟಿಕ್... ಅಷ್ಟ. ಗ್ಲಾಸಿನ ಗುಂಡಿ ಒತ್ತಿದಾ, ಇಳೀಲಿಲ್ಲ. ಕದದ ಹಿಡಿಕಿ ಜಗ್ಗಿದಾ, ಬರಲಿಲ್ಲ. ಭುಜಾ ಕೊಟ್ಟು ದೂಡಿದಾ. ಗ್ವಾಡಿ ದೂಡಿದಂಗ!

ಹಿಂದಿನ ಲಾರಿ ಬಾಜೂಕ ಹಾದು ಹೋತು. ಸಾಯಕಲ್ ಮ್ಯಾಲ ಹಾಲಿನ ಕ್ಯಾನ್ ಕಟಗೊಂಡಾಂವ ಒಬ್ಬಾಂವ ಬಂದಾ. ಗುರುಸಿದ್ದ ಎರಡೂ ಅಂಗೈಲೆ ಗ್ಲಾಸು ಬಡದಾ. "ಏ ಅಣ್ಣಾ! ಏ ನಿಂದರೋ!" ಒಂದ ಮೊಳಾ ದೂರದಾಗ ಹೋದಾ ಅಂವಾ. ತಿರುಗಿ ಸುದ್ದಾ ನೋಡಲಿಲ್ಲ.

ಒಳಗ ಉಸರು ಕಟ್ಟಾಕತ್ತಿತ್ತು. ಗ್ಲಾಸಿನ ಮ್ಯಾಲ ಮಬ್ಬು. ಹಸಿ ಮಣ್ಣಿನ ವಾಸನಿ. ಒಬ್ಬರಾದ ಮ್ಯಾಲ ಒಬ್ಬರು ಹೋದ್ರು. ಎತ್ತಿನ ಗಾಡಿ, ನಡಕೊಂಡು ಹೋಗಾವರು, ಒಂದು ಜೀಪು... ಅಂವಾ ಬಡದಾ, ಒದರಿದಾ. ಯಾರ ಕಿವಿಗೂ ಬೀಳಲಿಲ್ಲ. ಅಂವಾ ಬಡಿಯೂದು ನಿಂತ್ರ ಹಿಂದ ಅದು... ಕಿಣ್... ಕಿಣ್... ಕಿಣ್.

ಗೇಟಿನ ಆಚೆ ಕಡೆ ಒಂದು ಚಾದಂಗಡಿ ಇತ್ತು. ಮುಂದ ಬಾಕಿನ ಮ್ಯಾಲ ಇಬ್ಬರು ಕುಂತಿದ್ರು. ಬೆನ್ನಿಗೆ ದೀಪಾ, ಮುಖಾ ಕಾಣಲಿಲ್ಲ. ಗುರುಸಿದ್ದ ಮಬ್ಬು ಒರಸಿ ಮತ್ತ ಬಡದಾ. ಇಬ್ಬರೊಳಗ ಒಬ್ಬಾಂವ, ಬಿಳೇ ಧೋತರ ಉಟ್ಟಾಂವ, ಈ ಕಡೆ ನೋಡಿದಾ. ಖರೇನ ನೋಡಿದಾ. ಗುರುಸಿದ್ದಗ ಜೀವಾ ಬಂದಂಗಾತು.

ಅಂವಾ ಕುಂತಲ್ಲೇ ಕೈ ಎತ್ತಿದಾ. ಅಂಗೈ ತೋರಿಸಿದಾ... ತಡಿ ಅನ್ನೂವಂಗ. ತೋರಿಸಿ, ತಿರುಗಿ ಚಾ ಕುಡ್ಯಾಕತ್ತಿದಾ.

ಹಿಂದ ಸಾವಕಾರ್ರು ಅಳಾಕತ್ತಿದ್ರು.

"ಏನ್ರೀ ಇದು? ಹೇಳ್ರಿ ಸಾವಕಾರ. ಇಲ್ಲೇ ಸಾಯತೀವಿ, ಹೇಳ್ರಿ."

ತಡದು ತಡದು ಹೇಳಿದ್ರು.

"ನಾಕ ವರ್ಷ ಆತು... ನೀ ಇರಲಿಲ್ಲ ಆಗ. ನಮ್ಮ ಹೆಂಚು ಸುಡೂ ಭಟ್ಟಿ ಕಾಯೂ ಹಣಮಪ್ಪನ ಹೆಂಡ್ತಿ ರೇಣವ್ವ. ಚೊಚ್ಚಲ. ಹೆರಿಗಿ ಬ್ಯಾನಿ ಎದ್ದಿತ್ತು. ಭಟ್ಟಿಗೆ ಬೆಂಕಿ ಹಾಕಿತ್ತು, ಹಣಮಪ್ಪ ಬಿಟ್ಟು ಬರೂವಂಗಿರಲಿಲ್ಲ. ಮಾಯಕ್ಕ ಅಂತ ಮುದುಕಿ ಜೋಡಿ ಬರತೀನಿ ಅಂದ್ಲು, ಅಕಿ ತಯಾರಾಗೂ ತನಕಾ ನಾ ನಿಂದರಲಿಲ್ಲ. ನಾನ ಆ ಹಳೇ ಅಂಬಾಸಿಡರ್ ಹೊಡಕೊಂಡು ಬೆಳಗಾವಿ ದವಾಖಾನಿಗೆ ಹೊಂಟ್ನಿ."

"ಆಮ್ಯಾಲ?"

"ಗೇಟು ಹಾಕಿತ್ತು. ಆ ಚಾದಂಗಡ್ಯಾಗ ಗೋವಾದ ಗುತ್ತೇದಾರ ಕಂಡಾ. ಹತ್ತ ನಿಮಿಷ ಅಂತ ಇಳದ್ನಿ. ಮಳಿ ಇತ್ತು, ಗ್ಲಾಸು ಏರಿಸಿದ್ನಿ. ಕೀಲಿ ಹಾಕಿದ್ನಿ... ರೂಢಿ ನೋಡು. ಅಕಿ ಇದ್ದ ಕಡೆ ಒಳಗಿನ ಹಿಡಿಕಿ ಮುರದಿತ್ತು."

ಕಿಣ್... ಕಿಣ್...

"ಗೇಟು ಎತ್ತಿದ್ರು. ನನ್ನ ಮಾತು ಮುಗದಿರಲಿಲ್ಲ. ಅಕಿ ಬಳಿಲೆ ಗ್ಲಾಸು ಬಡದ್ಲು. ನಾ ನೋಡಿದ್ನೋ ಗುರುಸಿದ್ದಾ! ನೋಡಿ... ತಡಿ ಅಂತ ಕೈ ಮಾಡಿದ್ನಿ. ಇನ್ನೊಂದು ಚಾ ಹೇಳಿದ್ನಿ. ತಿರುಗಿ ಬರೂದ್ರಾಗ..."

"ಊರಾಗ ಏನಂತ ಹೇಳಿದ್ರಿ?"

"ದಾರ್ಯಾಗ ಹೋದ್ಲು ಅಂತ. ಸಾವಕಾರ್ರು ತಮ್ಮ ಗಾಡ್ಯಾಗ ಒಯ್ದ್ರು ಅಂತ ಹಣಮಪ್ಪ ಇವತ್ತಿಗೂ ನನ್ನ ಕಾಲು ಮುಟ್ಟತಾನು."

ಗುರುಸಿದ್ದಗ ಸಿಟ್ಟೂ ಬಂತು, ಅಂಜಿಕೀನೂ ಬಂತು. ಆದ್ರ ಎದಿ ಒಡಿಯೂವಂಗ ಉಸರು ಕಟ್ಟಿತ್ತು. ಅಂವಾ ಪಿಸುಗುಟ್ಟಿದಾ, "ಸಾವಕಾರ... ಆ ಎಡಗಡೆ ಕದಾ ನೀವ ತಗೀರಿ."

"ನನ್ನ ಕೈಲೆ ಆಗೂದಿಲ್ಲೋ."

"ಮತ್ತ್ಯಾರ ಕೈಲೆ ಆಗಬೇಕ್ರಿ?"

ಸಾವಕಾರ್ರು ಕೈ ಚಾಚಿದ್ರು. ಖಾಲಿ ಸೀಟಿನ ಮ್ಯಾಲಿಂದ ಚಾಚಬೇಕು. ಅರ್ಧಕ್ಕ ಕೈ ನಿಂತಬಿಡ್ತು. ಗುರುಸಿದ್ದ ತಿರುಗಿ ನೋಡಾಕತ್ತಿದ್ದಾ. ಅವರ ಬೆರಳು ಗಾಳ್ಯಾಗ ಯಾವುದೋ ಬಟ್ಟಿಗೆ ತಾಗಿದಂಗ ಮಡಚಿಕೊಂಡ್ವು.

"ಇಲ್ಲೆ... ಅಡ್ಡ ಅದಾಳೋ."

"ಮಾತಾಡಸ್ರಿ."

ಸಾವಕಾರ್ರು ಖಾಲಿ ಸೀಟಿನ ಕಡೆ ಮುಖಾ ತಿರುವಿದ್ರು. ಆಮ್ಯಾಲ, "ರೇಣವ್ವಾ... ಸರಿಯವ್ವಾ. ಕದಾ ತಗೀತೀನಿ. ನಾನ ಹಾಕಿದ್ನಿ, ನಾನ ತಗೀತೀನಿ."

ಕೈ ಮುಂದಕ್ಕ ಹೋತು. ಹಿಡಿಕಿ ಸಿಕ್ಕಿತು.

ಟಪ್.

ಕದಾ ತಗೀತು. ಥಂಡಿ ಗಾಳಿ ಒಳಗ ನುಗ್ಗಿತು, ಜೋಡಿ ಹೊರಗಿನ ಸಪ್ಪಳ ಎಲ್ಲಾ... ಹುಳದ ಚಿರ್ ಚಿರ್, ದೂರದಾಗ ಯಾವುದೋ ನಾಯಿ. ಗುರುಸಿದ್ದನ ಬಾಜೂಕಿನ ಕದಾನೂ ಈಗ ತಾನ ಬಂತು. ಇಬ್ಬರೂ ಹಾದಿಗೆ ಬಿದ್ದು ತೇಕಿದ್ರು. ಚಾದಂಗಡಿ ಹಲಗಿ ಮುಚ್ಚಿತ್ತು. ಬಾಕಿನ ಮ್ಯಾಲ ಯಾರೂ ಇರಲಿಲ್ಲ.

"ಇಳದ್ಲೇನೋ?" ಅಂದ್ರು ಸಾವಕಾರ್ರು.

"ಇಳದ್ಲು ಅನಸತೈತ್ರಿ."

ಗಾಡಿ ಮುಟ್ಟಾಕ ಇಬ್ಬರಿಗೂ ಧೈರ್ಯ ಆಗಲಿಲ್ಲ. ಗುರುಸಿದ್ದ ಚಪ್ಪಲಿ ಸುದ್ದಾ ಒಳಗ ಬಿಟ್ಟು ನಮ್ಮ ಮನಿ ಕಡೆ ನಡದಾ. ಸಾವಕಾರ್ರು ಒಂದು ಲಾರಿಗೆ ಕೈ ಮಾಡಿ ಖಾನಾಪುರಕ್ಕ ತಿರುಗಿ ಹೋದ್ರು. ಮುಂದಿಂದು ನಮಗ ಆಮ್ಯಾಲ ತಿಳದದ್ದು... ಅದ ರಾತ್ರಿ ಹಣಮಪ್ಪನ ಮನಿ ಮುಂದ ನಿಂತು ಎಲ್ಲಾ ಹೇಳಿದ್ರಂತ. ಅಂವಾ ಬೈಲಿಲ್ಲ, ಹೊಡೀಲಿಲ್ಲ. ಕಡೀತನಕಾ ಕೇಳಿ, "ಎಷ್ಟ ಸಲ ಬಡದ್ಲ್ರೀ?" ಅಂತ ಒಂದ ಮಾತು ಕೇಳಿದಾ. ಅಷ್ಟ. ವಾರದಾಗ ಕೆಲಸಾ ಬಿಟ್ಟು ಗುಂಜಿ ಕಡೆ ಹೋಗಿಬಿಟ್ಟಾ. ಸಾವಕಾರ್ರು ಆಮ್ಯಾಲ ಯಾವ ಗಾಡೀನೂ ತಗೊಳ್ಳಲಿಲ್ಲ. ಬಸ್ಸಿನ್ಯಾಗ ಹೋಗತಿದ್ರು, ಬಾಗಲಾಗ ನಿಂತು. ಗುರುಸಿದ್ದ ಡ್ರೈವರ್ ಕೆಲಸಾನೇ ಬಿಟ್ಟಾ.

ಗೇಟಿನ್ಯಾಗ ಆದದ್ದೆಲ್ಲಾ ಗುರುಸಿದ್ದನ ಮಾತು. ನೀವು ನಂಬಬ್ಯಾಡ್ರಿ ಬೇಕಾರ. ನಾನೂ ಅರ್ಧಾ ನಂಬಿರಲಿಲ್ಲ.

ಮರುದಿನ ಬೆಳಿಗ್ಗೆ ಗಾಡಿ ತರಾಕ ಗುರುಸಿದ್ದ ಬರಲಿಲ್ಲ. ಗಾಡಿ ಹುಡುಕ್ಯಾಡಿಕೊಂಡು ಶೋರೂಮಿನ ದುಂಡಪ್ಪ ಬಂದಾ, ಅವನ ಜೋಡಿ ನಾ ಹೋದ್ನಿ. ಆರೂವರಿ ಆಗಿತ್ತು. ಗಾಡಿ ಅಲ್ಲೇ ನಿಂತಿತ್ತು, ಹಿಂದಿನ ಎಡಗಡೆ ಕದಾ ರಾತ್ರಿಯೆಲ್ಲಾ ಹಂಗ ತಗದ ಇತ್ತು. ಭಾರೀ ಮಂಜು ಬಿದ್ದಿತ್ತು ನೋಡ್ರಿ ಆವತ್ತ. ಮುಂದಿನ ಸೀಟು ತಂಪಂದ್ರ ತಂಪು, ಬರ್ಫ್ ಮುಟ್ಟಿದಂಗ. ಹಿಂದಿಂದು ಬಲಗಡೆ ಹಸಿ ಆಗಿತ್ತು.

ಎಡಗಡೆ ಒಬ್ಬರು ಕುಂದರೂವಷ್ಟು ಜಾಗಾ ಒಣಾ ಇತ್ತು. ನಾ ಕೈ ಇಟ್ಟು ನೋಡಿದ್ನಿ... ಈ ಕೈಲೆ. ದುಂಡಪ್ಪನೂ ಇಟ್ಟಾ, ಇಟ್ಟಂವ ಸಟ್ನ ತಗದಾ.

ಬೆಚ್ಚಗಿತ್ತು ರೀ.