ಮಡಚುವ ಮೇಜಿನ ಪುಟ ಮತ್ತು ನನ್ನ ಹಣೆಯ ಗಾಯ

ನಾನು, ಕಚೇರಿಯಲ್ಲಿ ಎಲ್ಲರೂ ಲೆಕ್ಕದಕ್ಕ ಎಂದು ಕರೆಯುವವಳು, ವಯಸ್ಸು 43 ವರ್ಷ, ಆನ್‌ಲೈನ್ ಅಂಗಡಿಯೊಂದರಲ್ಲಿ ನೌಕರಿ, ವಾಸ ಬೇಕರಿಯ ಮೇಲಿನ ಎರಡನೇ ಮಹಡಿ, ಇಂದು ಠಾಣೆಗೆ ಹಾಜರಾಗಿ ಬರೆಯಿಸುವುದೇನೆಂದರೆ:

ಅಂಗಡಿಯ ಒಂದೊಂದು ವಸ್ತುವಿನ ಪುಟವನ್ನು ಎಷ್ಟು ಸಲ ನೋಡಿದರು, ಅದರಿಂದ ಎಷ್ಟು ಮಾರಾಟವಾಯಿತು ಎಂದು ಅಳೆಯುವುದು ನನ್ನ ಕೆಲಸ. ನೂರು ನೋಟಕ್ಕೆ ಎರಡಾದರೂ ಮಾರಾಟ ಆಗಬೇಕು. ಮೂರು ವಾರ ಆಗದಿದ್ದರೆ ಪುಟ ಮುಚ್ಚುತ್ತೇವೆ. ಇಂಥ 640 ಪುಟಗಳಿಗೆ ನಾನೊಬ್ಬಳೇ. ಹನ್ನೊಂದು ವರ್ಷದಿಂದ ಇದೇ ಮಾಡಿ ಮಾಡಿ ಸಾಕಾಗಿದೆ.

ತಿಂಗಳ ಹಿಂದೆ, ಮಡಚುವ ಮೇಜು ಮಾಡುವ ಬಡಗಿ ಫೋನ್ ಮಾಡಿ, ತನ್ನ ಪುಟ ಉಳಿಯಲು ಏನು ಮಾಡಬೇಕೆಂದು ಕೇಳಿದರು. ಅದು ಆ ದಿನದ 62ನೇ ಕರೆ. "ಜನ ನೋಡ್ಬೇಕಣ್ಣಾ, ನೋಡಿದ್ರೆ ತಾನೆ ತಗೊಳ್ಳೋದು" ಎಂದು ಹೇಳಿ ಇಟ್ಟುಬಿಟ್ಟೆ.

ಮುಂದಿನ ಮೂರು ವಾರಗಳಲ್ಲಿ ಆ ಪುಟಕ್ಕೆ 2,150 ನೋಟ, 31 ಮಾರಾಟ. ನೂರಕ್ಕೆ ಎರಡಕ್ಕಿಂತ ಕಡಿಮೆ. ಒಂದೇ ಫೋನಿನಿಂದ ಎಷ್ಟು ಸಲ ನೋಡಿದ್ದಾರೆಂದು ತಿಳಿಯಲು ಇನ್ನೊಂದು ಗುಂಡಿ ಒತ್ತಬೇಕು. ನಾನು ಒತ್ತಲಿಲ್ಲ. ಸೋಮವಾರ ಸಂಜೆ 5.40ಕ್ಕೆ ಪುಟ ಮುಚ್ಚಿದೆ.

ಮಂಗಳವಾರ ಬೆಳಿಗ್ಗೆ 11.20ಕ್ಕೆ ಬಡಗಿ ಒಂದು ಮೇಜನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಕಚೇರಿಗೆ ಬಂದು, ನನ್ನಿಂದ ಆರು ಅಡಿ ದೂರದಲ್ಲಿ ನಿಂತು, ತಮ್ಮ ಮನೆಯವರೆಲ್ಲ ಅಷ್ಟು ನೋಡಿದರೂ ಪುಟ ಏಕೆ ಹೋಯಿತೆಂದು ಕೇಳಿದರು. ಆಗ ಆ ಗುಂಡಿ ಒತ್ತಿದೆ. ಏಳೇ ಫೋನುಗಳಿಂದ 1,702 ನೋಟ. ಅದನ್ನು ಕಳೆದರೆ ನೂರಕ್ಕೆ ಸುಮಾರು ಏಳು ಮಾರಾಟ. ನಮ್ಮ ಯಾವ ಪುಟಕ್ಕೂ ಅಷ್ಟಿಲ್ಲ. ಮನೆಯವರು ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡಿದ್ದರು. ಕಲ್ಲು ಎತ್ತಿಕೊಟ್ಟವಳು ನಾನು. ಅವರಿಗೆ ವಿವರಿಸಿದೆ. "ನಮ್ಮತ್ತೆ ಕನ್ನಡಕ ಹಾಕ್ಕೊಂಡು ದಿನಾ ನಲವತ್ತು ಸಲ ನೋಡೋರಕ್ಕಾ. ನನ್ನ ಮುಖಾನೂ ಅಷ್ಟು ಸಲ ನೋಡಿಲ್ಲ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

11.35ಕ್ಕೆ ಮ್ಯಾನೇಜರರನ್ನು ಕರೆದು, ತಪ್ಪು ನನ್ನದು, ಪುಟ ತೆರೆಯೋಣ ಎಂದೆ. ಮುಚ್ಚಿದ ಪುಟವನ್ನು ಆರು ತಿಂಗಳು ತೆರೆಯುವಂತಿಲ್ಲ, ಒಬ್ಬರಿಗೆ ತೆರೆದರೆ ನಾಳೆ ಊರೇ ಬಂದು ನಿಲ್ಲುತ್ತದೆ ಎಂದು ಅವರು ಹೇಳಿದರು. ಬಡಗಿಯ ನಗು ನಿಂತಿತು. ಅವರು ಮೇಜನ್ನು ನನ್ನ ಎಡಕ್ಕೆ ಎಂಟು ಅಡಿ ದೂರದ ಗಾಜಿನ ಅಡ್ಡಗೋಡೆಗೆ ಎಸೆದರು. ಗಾಜು ಒಡೆಯಿತು. ಬೆಚ್ಚಿ ಬಗ್ಗಿದ ನಾನು ಏಳುವಾಗ, ತೆರೆದಿದ್ದ ಕಪಾಟಿನ ಬಾಗಿಲು ಹಣೆಗೆ ಬಡಿಯಿತು. ಮೂರು ಹೊಲಿಗೆ ಬಿದ್ದಿವೆ. ರಕ್ತ ಕಂಡು ಮೊದಲು ಓಡಿಬಂದು ತನ್ನ ಹೆಗಲ ಬಟ್ಟೆಯಿಂದ ಗಾಯ ಒತ್ತಿ ಹಿಡಿದವರು ಬಡಗಿಯೇ.

ಆಸ್ಪತ್ರೆಗೆ ಹೋಗುವ ಕಾರಿನಲ್ಲಿ ಮ್ಯಾನೇಜರರು, ಬಡಗಿ ಮೇಜಿನಿಂದ ಹೊಡೆದನೆಂದು ಹೇಳಬೇಕು, ಬರೀ ಗಾಜಿನ ಕೇಸು ನಿಲ್ಲುವುದಿಲ್ಲ ಎಂದರು. ನನ್ನ ನೌಕರಿಯನ್ನೂ ನೆನಪಿಸಿದರು. ನಾನು ಹೂಂ ಎಂದೆ. ಹೂಂ ಎಂದದ್ದಕ್ಕೆ ರಾತ್ರಿಯೆಲ್ಲ ನಾಚಿಕೆಯಾಯಿತು.

ಬಡಗಿ ನನಗೆ ಹೊಡೆದಿಲ್ಲ. ನಿನ್ನೆ ಮಧ್ಯಾಹ್ನದಿಂದ ಅವರನ್ನು ಇಲ್ಲಿ ಕೂರಿಸಿರುವುದು ನನ್ನ ಗಾಯಕ್ಕಾದರೆ, ದಯವಿಟ್ಟು ಮನೆಗೆ ಕಳಿಸಿ.

ಇದನ್ನು ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಟ್ಟದ್ದನ್ನು ನಾನು ಹೇಳಿಲ್ಲ. ಓದಿಸಿ ಕೇಳಿದೆ, ಸರಿಯಾಗಿದೆ. ಮ್ಯಾನೇಜರರು ಹೊರಗೆ ಬೆಂಚಿನ ಮೇಲಿದ್ದಾರೆ. ಅವರಿಗೂ ಗಟ್ಟಿಯಾಗಿ ಓದಿ ಹೇಳಬೇಕೆಂದು ಕೋರುತ್ತೇನೆ.

ಸ್ಥಳ: ಠಾಣೆ
ದಿನ: ಬುಧವಾರ, ಬೆಳಿಗ್ಗೆ 10.15
(ಸಹಿ)