ಮೀನಿನ ಮಡಿ

ವಾಡಿ ಸ್ಟೇಷನ್ನಿನ ಹೆಂಗಸರ ವೇಟಿಂಗ್ ರೂಮಿನಲ್ಲಿ ಪಾನ್ ಅಗಿಯುತ್ತ ಕೂತಿದ್ದ ರಶೀದಾಬೇಗಂ, ಪಕ್ಕದ ಬೆಂಚಿನ ಅತ್ತೆ-ಸೊಸೆಯ ಮಾತಿಗೆ ಕಿವಿಗೊಟ್ಟಳು. ಸೊಸೆಯ ಟ್ರಂಕು ತವರಿಗೆ ಹೊರಟಿತ್ತು.

“ಗಾಜಿನ ಪೆಟ್ಟಿಗ್ಯಾಗಿನ ಮೀನ ಸತ್ತುವಂತ ಹೆಂಡ್ತೀನ ಬಿಡತಾರೇನ್ರಿ, ಅತ್ಯಾ?”

“ನನ್ನ ಮಗ ಹೈದರಾಬಾದಿನಿಂದ ಹೌಸಿಲೆ, ಆಸೆಪಟ್ಟು ತಂದಿದ್ದ. ನಿನ್ನ ಕೈಗುಣಾನ ಖೊಟ್ಟಿ.”

“ನಿನ್ನಿ ನೀರ ಮೈಲಿಗಿ, ದಿನಾ ಪೂರಾ ಚೆಲ್ಲಿ, ತಿಕ್ಕಿ ತೊಳದು, ಮಡೀಲೆ ತುಂಬು ಅಂದಾವ್ರು ನೀವ ಅಲ್ರಿ?”

“ಹೌದು.”

“ಸ್ವಲ್ಪ ತಗದು, ಹಳೀ ನೀರಿನಾಗ ಹೊಸಾದು ಕೂಡಸಬೇಕಂತ್ರಿ. ಪೂರಾ ಬದಲಿ ಮಾಡಿದ್ರ ಸಾಯ್ತಾವಂತ. ನಮ್ಮ ಓಣಿ ಸಾಲಿ ಮಾಸ್ತರು ನಿನ್ನಿ ಹೇಳಿದ್ರು. ನಮಗ್ಯಾರಿಗೂ ಗೊತ್ತಿದ್ದಿಲ್ಲ.”

“ನನಗ ಗೊತ್ತಿತ್ತು. ಹೈದರಾಬಾದಿಗೆ ನಾನೂ ಹೋಗಿದ್ದೆ; ಮೀನ ಮಾರಿದಾಂವ ನನ್ನ ಮುಂದ ಹೇಳಿದ್ದ.”

ರಶೀದಾಬೇಗಂ ಅಗಿಯುವುದನ್ನು ನಿಲ್ಲಿಸಿದಳು.

“ಮತ್ತ ನನಗ್ಯಾಕ ಹೇಳಲಿಲ್ರಿ?”

ಗಾಡಿ ಬಂತು. ಅತ್ತೆ ಸೆರಗು ಕೊಡವಿ ಎದ್ದಳು.

“ಮುಂದ ಬರೋ ಸೊಸಿಗೆ ಹೇಳ್ತೀನಿ. ಟ್ರಂಕ ಎತ್ಗೊ, ನಡಿ.”